ಮೇಲಣ ಹೊಲ, ಕೆಳಗಣ ಗದ್ದೆ
ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೊಂದು ನಡಿಗೆ



ಇತಿಹಾಸ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೋಟೆ, ಅರಮನೆ, ಶಾಸನ, ದೇವಾಲಯ. ಮಂಡ್ಯ ಜಿಲ್ಲೆಯ ಯಾವುದೇ ಶಾಲೆಗೆ ಹೋಗಿ ಕೇಳಿ ನೋಡಿ. ಮಕ್ಕಳು ಶ್ರೀರಂಗಪಟ್ಟಣದ ಹೆಸರು ಹೇಳುತ್ತಾರೆ, ಮೇಲುಕೋಟೆಯ ಹೆಸರು ಹೇಳುತ್ತಾರೆ. ಶಾಲೆಯ ಹಿಂದೆಯೇ ಹರಿಯುವ ನಾಲೆಯ ಹೆಸರನ್ನು ಹೇಳುವವರು ಅಪರೂಪ. ದಿನವೂ ಕಾಣುವುದು ಇತಿಹಾಸವಾಗಿರಲಾರದು ಎಂದು ನಾವು ತಿಳಿದಿದ್ದೇವೆ.

ಕಾರ್ಯಕ್ರಮದಲ್ಲಿ ನೀವು ನೋಡುವುದು ಅರ್ಧ ಗಂಟೆಯ ಚಿತ್ರ. ಕ್ಯಾಮೆರಾ ತೋರಿಸಲಾರದ ಕೆಲವು ಸಂಗತಿಗಳನ್ನು ಈ ಪುಸ್ತಿಕೆಯಲ್ಲಿ ಹೇಳಬೇಕಾಗಿದೆ. ಚಿತ್ರೀಕರಣಕ್ಕೆಂದು ನಾವು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಅಲ್ಲಲ್ಲಿ ನಡೆದೆವು. ಕಷ್ಟದ ನಡಿಗೆಯೇನಲ್ಲ. ಏರಿ ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ, ಪಕ್ಕದಲ್ಲಿ ನೀರು ನಿಮ್ಮ ಜೊತೆಯಲ್ಲೇ ಬರುತ್ತದೆ. ಮೊದಲ ದಿನವೇ ನಮ್ಮ ಛಾಯಾಗ್ರಾಹಕರು ಟ್ರೈಪಾಡ್ ಊರಿ ಕೇಳಿದರು: "ಸಾರ್, ಎಡಕ್ಕೆ ಇಡಲೋ, ಬಲಕ್ಕೆ ಇಡಲೋ? ಎರಡು ಕಡೆಯೂ ಬೇರೆ ಬೇರೆ ಜಿಲ್ಲೆಯ ಹಾಗಿದೆಯಲ್ಲ!"

ಅವರು ಹೇಳಿದ್ದು ನಿಜ. ನಾಲೆಯ ಒಂದು ಪಕ್ಕದಲ್ಲಿ ಭತ್ತ, ಕಬ್ಬು, ತೆಂಗು. ಇನ್ನೊಂದು ಪಕ್ಕದಲ್ಲಿ ರಾಗಿ, ಹುರುಳಿ, ಕಲ್ಲು ದಿಣ್ಣೆ. ನಡುವೆ ಇರುವುದು ಒಂದು ನಾಲೆಯ ಅಗಲ ಮಾತ್ರ. ಈ ವ್ಯತ್ಯಾಸ ಹೇಗೆ ಬಂತು, ಅದರಿಂದ ಏನೇನಾಯಿತು ಎಂಬುದೇ ಈ ಲೇಖನದ ವಿಷಯ.

ಏರಿ ಏಕೆ ಇದೆ?

ಯುರೋಪಿನ ದೇಶಗಳಲ್ಲಿಯೂ ಕಾಲುವೆಯ ದಂಡೆಯ ಮೇಲೆ ನಡೆಯುವುದು ಜನಪ್ರಿಯ ಹವ್ಯಾಸ. ಆದರೆ ಅಲ್ಲಿನ ದಂಡೆಯ ದಾರಿ ಹುಟ್ಟಿದ ಕಾರಣವೇ ಬೇರೆ. 18ನೇ ಶತಮಾನದ ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿ ಕಾಲುವೆಗಳನ್ನು ತೋಡಿದ್ದು ದೋಣಿ ಸಾಗಿಸಲು. ದೋಣಿಗೆ ಹಗ್ಗ ಕಟ್ಟಿ, ದಂಡೆಯ ಮೇಲೆ ಕುದುರೆಯನ್ನು ನಡೆಸಿ ಎಳೆಸುತ್ತಿದ್ದರು. ನೀರಿನ ಮೇಲೆ ಘರ್ಷಣೆ ಬಹಳ ಕಡಿಮೆಯಾದ್ದರಿಂದ, ಗಾಡಿಯಲ್ಲಿ ಎಳೆಯಬಹುದಾದುದರ ಹತ್ತಾರು ಪಟ್ಟು ಭಾರವನ್ನು ಒಂದೇ ಕುದುರೆ ಎಳೆಯುತ್ತಿತ್ತು. ಐರ್ಲೆಂಡಿನ ಗ್ರ್ಯಾಂಡ್ ಕಾಲುವೆಯಂತೂ ಆಲನ್ ಎಂಬ ವಿಶಾಲವಾದ ಜೌಗು ಬಯಲನ್ನು ಹಾದುಹೋಗುತ್ತದೆ. ಅಲ್ಲಿನ ನೆಲ ನಮ್ಮ ನೆಲದಂತಲ್ಲ. ಚಳಿ ಮತ್ತು ತೇವದಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂಡಿದ ಸಸ್ಯರಾಶಿಯೇ ಅಲ್ಲಿ ಮಣ್ಣಿನ ಬದಲಿಗೆ ಇದೆ. ಅದನ್ನು ಕಡಿದು ಒಣಗಿಸಿ ಒಲೆಗೆ ಉರಿಸುತ್ತಿದ್ದರು. ಆ ಉರುವಲನ್ನು ದೋಣಿಗಳು ಪಟ್ಟಣಕ್ಕೆ ಒಯ್ಯುತ್ತಿದ್ದವು.

ನಮ್ಮ ನಾಲೆಯಲ್ಲಿ ದೋಣಿ ಇಲ್ಲ, ಎಳೆಯುವ ಕುದುರೆಯೂ ಇಲ್ಲ. ಇಲ್ಲಿ ಸಾಗುವ ಸರಕು ನೀರೇ. ಇಳಿಜಾರಿನ ನೆಲದಲ್ಲಿ ನಾಲೆ ತೋಡುವಾಗ ಅಗೆದ ಮಣ್ಣನ್ನು ತಗ್ಗಿನ ಪಕ್ಕಕ್ಕೆ ಹಾಕಿ ಗಟ್ಟಿ ಮಾಡುತ್ತಾರೆ. ಹಾಗೆ ಹಾಕಿದ ಮಣ್ಣೇ ಏರಿ. ನೀರು ತಗ್ಗಿಗೆ ನುಗ್ಗದಂತೆ ತಡೆಯುವುದು ಅದರ ಮೊದಲ ಕೆಲಸ. ಎಂಜಿನಿಯರರೂ ನೀರುಗಂಟಿಗಳೂ ಓಡಾಡಿ ಎಲ್ಲಿ ಸೋರುತ್ತಿದೆ, ಎಲ್ಲಿ ತೂಬು ಒಡೆದಿದೆ ಎಂದು ನೋಡುವ ದಾರಿಯಾಗುವುದು ಎರಡನೆಯ ಕೆಲಸ. ಕಬ್ಬಿನ ಗಾಡಿ, ಶಾಲೆಯ ಮಕ್ಕಳು, ಮೇವು ಹೊತ್ತ ಹೆಂಗಸರು ಬಂದದ್ದು ಆಮೇಲೆ.

ನಾಲೆಯ ನಾಡು

ಕಾವೇರಿಯ ನೀರನ್ನು ನಾಲೆಗೆ ತಿರುಗಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಶ್ರೀರಂಗಪಟ್ಟಣದ ಸೀಮೆಯಲ್ಲಿ ಇಂದಿಗೂ ಹರಿಯುತ್ತಿದೆ. ಮದ್ದೂರು ಪಟ್ಟಣದಲ್ಲಿ ಕೆಮ್ಮಣ್ಣು ನಾಲೆ ಇದೆ. ಆದರೆ ಹಳೆಯ ನಾಲೆಗಳಿಗೆಲ್ಲ ಒಂದು ಮಿತಿ ಇತ್ತು. ಅವು ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಾದ ಒಡ್ಡುಗಳಿಂದ ಹೊರಟವು. ನದಿಯಲ್ಲಿ ನೀರಿದ್ದರೆ ನಾಲೆಯಲ್ಲೂ ನೀರು, ಇಲ್ಲದಿದ್ದರೆ ಇಲ್ಲ. ಒಡ್ಡು ತಗ್ಗಾಗಿದ್ದುದರಿಂದ ನಾಲೆಗಳು ನದಿಯ ಹತ್ತಿರದ ಬಯಲನ್ನು ಬಿಟ್ಟು ಮೇಲಕ್ಕೆ ಹೋಗುವಂತಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಎತ್ತರದ ಹೊಲಗಳು ಕೆರೆ ಮತ್ತು ಮಳೆಯನ್ನೇ ನಂಬಿದ್ದವು.

ನೀರನ್ನು ಕೂಡಿಡಬೇಕು, ಎತ್ತರದಲ್ಲಿ ಕೂಡಿಡಬೇಕು. ಈ ಆಲೋಚನೆ 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನಿಗೂ ಬಂದಿತ್ತು. ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆ ಕಟ್ಟಿಸುವ ಸಂಕಲ್ಪವನ್ನು ಹೇಳುವ ಅವನ ಪಾರಸಿ ಶಾಸನ ಅಣೆಕಟ್ಟೆಯ ಕೆಲಸದ ಕಾಲದಲ್ಲಿ ಸಿಕ್ಕಿತು. ಆ ಕಲ್ಲನ್ನು ಅಲ್ಲೇ ನಿಲ್ಲಿಸಿದ್ದಾರೆ.

ಕನ್ನಂಬಾಡಿ ಕಟ್ಟೆ

ಈಗ ನಾವು ಕಾಣುವ ಕೃಷ್ಣರಾಜಸಾಗರದ ಕೆಲಸ ಆರಂಭವಾದದ್ದು 1911ರ ನವೆಂಬರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದಿದ್ದರು, 1912ರಲ್ಲಿ ದಿವಾನರಾದರು. ಈ ಕಟ್ಟೆಯನ್ನು ಮೊದಲು ಬೇಡಿದ್ದು ರೈತನ ಗದ್ದೆಯೊಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಕೇಂದ್ರ ಆರಂಭವಾಗಿತ್ತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ವಿದ್ಯುತ್ತು ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಬಡವಾದರೆ ವಿದ್ಯುತ್ತೂ ಬಡವಾಗುತ್ತಿತ್ತು. ವರ್ಷವಿಡೀ ಒಂದೇ ಸಮನೆ ನೀರು ಬೇಕೆಂದರೆ ಮೇಲೆಲ್ಲೋ ಅದನ್ನು ಕೂಡಿಡಬೇಕಿತ್ತು. ಹೀಗೆ ಗಣಿಯ ವಿದ್ಯುತ್ತು, ಹೊಲದ ನೀರು ಎರಡೂ ಸೇರಿ ಈ ಕಟ್ಟೆಯನ್ನು ಎಬ್ಬಿಸಿದವು.

ಕಟ್ಟೆಯನ್ನು ಕಟ್ಟಿದ್ದು ಕಲ್ಲಿನಿಂದ, ಗಾರೆಯಿಂದ. ಸುಣ್ಣದ ಜೊತೆಗೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸಿ ಮಾಡುವ ಸುರ್ಕಿ ಗಾರೆ ಅದು. ನೀರಿನ ಅಡಿಯಲ್ಲೂ ಗಟ್ಟಿಯಾಗುವ ಗುಣ ಅದಕ್ಕಿದೆ. ಈ ಸೀಮೆಯಲ್ಲಿ ಸುಲಭವಾಗಿ ಸಿಗುತ್ತಿದ್ದ ಸಾಮಗ್ರಿಯಿಂದಲೇ ಅಷ್ಟು ದೊಡ್ಡ ಕಟ್ಟೆ ಎದ್ದಿತು.

ಆದರೆ ಕಟ್ಟೆಯ ಎತ್ತರವನ್ನು ಗಾರೆ ಮಾತ್ರ ನಿರ್ಧರಿಸಲಿಲ್ಲ. ಕೆಳಗೆ ಕಾವೇರಿಯ ಮುಖಜಭೂಮಿಯಲ್ಲಿ ತಂಜಾವೂರಿನ ರೈತರು ಶತಮಾನಗಳಿಂದ ಇದೇ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದರು. ಮದರಾಸು ಸರ್ಕಾರ ಆಕ್ಷೇಪಿಸಿತು. ವರ್ಷಗಟ್ಟಲೆ ನಡೆದ ವಾದದ ನಂತರ 1924ರ ಫೆಬ್ರವರಿ 18ರಂದು ಮೈಸೂರು, ಮದರಾಸುಗಳ ನಡುವೆ ಒಪ್ಪಂದವಾಯಿತು. ಕಟ್ಟೆಯಲ್ಲಿ 124 ಅಡಿಯವರೆಗೆ ನೀರು ನಿಲ್ಲಿಸಲು, ಅದರಿಂದ 1,25,000 ಎಕರೆಯಷ್ಟು ಹೊಸ ಭೂಮಿಗೆ ನೀರು ಕೊಡಲು ಮೈಸೂರಿಗೆ ಅವಕಾಶವಾಯಿತು. ಆ ಹೊಸ ಭೂಮಿಯ ಬಹುಪಾಲು ಇಂದಿನ ಮಂಡ್ಯ ಜಿಲ್ಲೆಯಲ್ಲಿದೆ. ನೀರು ನಿಂತಾಗ ಹಳೆಯ ಕನ್ನಂಬಾಡಿ ಊರು ಮುಳುಗಿತು. ಅದರ ಜೊತೆಗೆ ಇನ್ನೂ ಎಷ್ಟೋ ಹಳ್ಳಿಗಳು ಮುಳುಗಿದವು. ಒಂದು ಸೀಮೆಗೆ ನೀರು ಬರಲು ಇನ್ನೊಂದು ಸೀಮೆ ನೀರಿನೊಳಗೆ ಹೋಯಿತು ಎಂಬುದನ್ನು ನಾವು ಮರೆಯಬಾರದು.

ಸುರಂಗದೊಳಗೆ ನದಿ

ಕಟ್ಟೆಯ ಎಡದಂಡೆಯಿಂದ ಹೊರಡುವ ದೊಡ್ಡ ನಾಲೆಗೆ ಆಗಿನ ವೈಸರಾಯ್ ಲಾರ್ಡ್ ಇರ್ವಿನ್ನರ ಹೆಸರಿಟ್ಟರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. ಮುಂದೆ ಅದೇ ವಿಶ್ವೇಶ್ವರಯ್ಯ ನಾಲೆಯಾಯಿತು. ಜನರ ಬಾಯಲ್ಲಿ ಈಗ ವಿ.ಸಿ. ನಾಲೆ.

ನಾಲೆ ಪಾಂಡವಪುರದ ಕಡೆಯಿಂದ ಬಂದು, ಲೋಕಪಾವನಿಯನ್ನು ದಾಟಿ ಮಂಡ್ಯದ ಕಡೆಗೆ ಹೊರಳುವಾಗ ಒಂದು ದಿಣ್ಣೆಸಾಲು ಅಡ್ಡ ಬರುತ್ತದೆ. ಸುತ್ತಿಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಲ್ಲಿ ಒಂದು ಸಣ್ಣ ಭೌತಶಾಸ್ತ್ರವಿದೆ. ನಾಲೆಯ ನೀರು ಹರಿಯಬೇಕಾದರೆ ಪ್ರತಿ ಮೈಲಿಗೂ ಸ್ವಲ್ಪ ಸ್ವಲ್ಪ ಇಳಿಯಲೇಬೇಕು. ಅಂದರೆ ದೂರ ಹೋದಷ್ಟೂ ಎತ್ತರವನ್ನು ಖರ್ಚು ಮಾಡಿದಂತೆ. ಸುತ್ತಿ ಬಳಸಿ ಹೋದರೆ ಎತ್ತರವೆಲ್ಲ ದಾರಿಯಲ್ಲೇ ಮುಗಿದು, ಆಚೆಗೆ ತಲುಪುವ ಹೊತ್ತಿಗೆ ನಾಲೆ ತಗ್ಗಿಗೆ ಬಿದ್ದಿರುತ್ತದೆ. ಆಗ ಅದರ ನೀರು ಕಾಣುವ ಗದ್ದೆಗಳೂ ಕಡಿಮೆಯಾಗುತ್ತವೆ. ಆದ್ದರಿಂದ ಹುಲಿಕೆರೆಯ ಬಳಿ ಬೆಟ್ಟವನ್ನೇ ಕೊರೆದು ಸುಮಾರು 2.8 ಕಿಲೋಮೀಟರ್ ಉದ್ದದ ಸುರಂಗ ಮಾಡಿದರು. ಒಂದು ಕಡೆ ನೀರು ಕತ್ತಲೆಯೊಳಗೆ ಹೋಗುತ್ತದೆ, ಇನ್ನೊಂದು ಕಡೆ ಬೆಳಕಿಗೆ ಬರುತ್ತದೆ. ಸುರಂಗದ ಮೇಲೆ ನೆಲದಲ್ಲಿ ಎಂದಿನಂತೆ ದನ ಮೇಯುತ್ತಿರುತ್ತವೆ.

ಸುರಂಗ ದಾಟಿದ ಮೇಲೆ ನಾಲೆ ಕವಲಾಗುತ್ತದೆ. ಮದ್ದೂರು ಶಾಖಾ ನಾಲೆ, ಹೆಬ್ಬಕವಾಡಿ ಶಾಖಾ ನಾಲೆ, ತುರುಗನೂರು ಶಾಖಾ ನಾಲೆ, ಅವುಗಳಿಂದ ಉಪನಾಲೆ, ಉಪನಾಲೆಯಿಂದ ಸೀಳುನಾಲೆ, ಸೀಳುನಾಲೆಯಿಂದ ಗದ್ದೆಯ ಬದುವಿನ ಕಾಲುವೆ. ಮರದ ಬೊಡ್ಡೆಯಿಂದ ಎಲೆಯ ನರದವರೆಗೆ ರಸ ಹೋಗುವ ಹಾಗೆ.

ಗೆರೆ ಎಳೆದವರು ಯಾರು?

ನಕ್ಷೆಯಲ್ಲಿ ನೋಡಿದರೆ ನಾಲೆ ಹಾವಿನಂತೆ ಡೊಂಕು ಡೊಂಕಾಗಿದೆ. ಅದು ಒಂದೇ ಎತ್ತರದ ಗೆರೆಯನ್ನು ಹಿಡಿದುಕೊಂಡು, ತೀರ ಕಡಿಮೆ ಇಳಿಯುತ್ತ ಹೋಗುವುದೇ ಇದಕ್ಕೆ ಕಾರಣ. ಗೆರೆಯ ಕೆಳಗಿನ ಭೂಮಿಗೆ ನೀರು ತಾನಾಗಿ ಇಳಿಯುತ್ತದೆ. ಮೇಲಿನ ಭೂಮಿಗೆ ಏರುವುದಿಲ್ಲ.

ನನ್ನ ಅಜ್ಜಿಯ ತವರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ನಾಲೆ ಊರ ಮುಂದೆಯೇ ಹರಿಯುತ್ತದೆ, ಆದರೆ ಅವರ ಹೊಲ ನಾಲೆಯ ಮೇಲ್ಪಕ್ಕ. ಅಜ್ಜಿ ಹೇಳುತ್ತಿದ್ದ ಮಾತು ನನಗೆ ಇಂದಿಗೂ ನೆನಪಿದೆ: "ನಾಲೆ ನಮ್ ಕಣ್ ಮುಂದ್ಲೇ ಓಯ್ತದೆ ಕನ್ ಮಗ, ನಮ್ ಬಾಯ್ಗೆ ಬರಾಕಿಲ್ಲ." ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ. ಕಲಿತದ್ದನ್ನು ತೋರಿಸಿಕೊಳ್ಳುವ ಉತ್ಸಾಹದಲ್ಲಿ, ನೀರು ಮೇಲಕ್ಕೆ ಹರಿಯುವುದಿಲ್ಲ ಅಜ್ಜಿ, ಅದು ಗುರುತ್ವಾಕರ್ಷಣೆ ಎಂದೆ. ಅಜ್ಜಿ ರಾಗಿ ಕೇರುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅದು ನಂಗೂ ಗೊತ್ತು ಕನ್ಲಾ. ಗೆರೆ ಎಳ್ದೋರ್ ಯಾರು ಅಂತ ಕೇಳ್ದೆ."

ಆ ಪ್ರಶ್ನೆಗೆ ನನಗೆ ಆಗ ಉತ್ತರ ತಿಳಿದಿರಲಿಲ್ಲ. ಈಗ ಸ್ವಲ್ಪಮಟ್ಟಿಗೆ ತಿಳಿದಿದೆ. ಗೆರೆಯನ್ನು ಮೊದಲು ಎಳೆಯುವುದು ಕಟ್ಟೆಯ ತೂಬು. ತೂಬನ್ನು ಎತ್ತರದಲ್ಲಿಟ್ಟರೆ ನಾಲೆ ಎತ್ತರದಲ್ಲಿ ಹೋಗುತ್ತದೆ, ಹೆಚ್ಚು ಹೊಲ ಅದರ ಕೆಳಗೆ ಬರುತ್ತವೆ. ಆದರೆ ಜಲಾಶಯದಲ್ಲಿ ತೂಬಿಗಿಂತ ಕೆಳಗಿರುವ ನೀರು ನಾಲೆಗೆ ಬಾರದು. ಹೊಲ ಹೆಚ್ಚಾಗುತ್ತದೆ, ಕೊಡಲು ನೀರು ಕಡಿಮೆಯಾಗುತ್ತದೆ. ತೂಬನ್ನು ತಗ್ಗಿಸಿದರೆ ನೀರು ಹೆಚ್ಚು ಸಿಗುತ್ತದೆ, ಹೊಲ ಕಡಿಮೆಯಾಗುತ್ತವೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು. ಎಲ್ಲಿ ನಿಂತರೂ ಒಬ್ಬರ ಹೊಲ ಗೆರೆಯ ಮೇಲೆ ಉಳಿದೇ ಉಳಿಯುತ್ತದೆ. ವಿಜ್ಞಾನ ಆಯ್ಕೆಗಳನ್ನು ತೋರಿಸುತ್ತದೆ. ಆಯ್ದುಕೊಳ್ಳುವವರು ಮನುಷ್ಯರು. ಅಜ್ಜಿ ಕೇಳಿದ್ದು ಈ ಎರಡನೆಯದನ್ನು.

ನೀರು ಬಂತು, ಲೆಕ್ಕವೂ ಬಂತು

ನೀರು ಬಂದ ಕಡೆ ಬದುಕು ಬೇಗ ಬದಲಾಯಿತು. ಮಂಡ್ಯದ ಪಕ್ಕದಲ್ಲಿ ಇರ್ವಿನ್ ನಾಲೆಯ ಹೆಸರಿನಲ್ಲೇ ಕೃಷಿ ಸಂಶೋಧನಾ ಕ್ಷೇತ್ರ ಆರಂಭವಾಯಿತು. ಅದೇ ಇಂದಿನ ವಿ.ಸಿ. ಫಾರಂ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರ ಆಸಕ್ತಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮಂಡ್ಯ ಸಕ್ಕರೆಯ ಪಟ್ಟಣವಾಯಿತು. ಅಲ್ಲಿಯವರೆಗೆ ಮೈಸೂರು ಜಿಲ್ಲೆಯ ಭಾಗವಾಗಿದ್ದ ಈ ಸೀಮೆ 1939ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು.

ಆದರೆ ಈ ಕಥೆಯನ್ನು ಸಿಹಿಯಾಗಿ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ನಾಲೆ ಕಟ್ಟಲು ಸರ್ಕಾರ ದೊಡ್ಡ ಹಣ ಹಾಕಿತ್ತು. ನೀರು ಬಂದ ಭೂಮಿಯ ಬೆಲೆ ಏರುತ್ತದೆ, ಆದ್ದರಿಂದ ರೈತರು ವಂತಿಗೆ ಕೊಡಬೇಕು ಎಂದಿತು. ಜೊತೆಗೆ ಬ್ಲಾಕ್ ಪದ್ಧತಿ ಎಂಬ ಬೆಳೆಯ ಸರತಿಯನ್ನೂ ಗೊತ್ತುಮಾಡಿತು. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ ಒಂದು ಪಾಲಿನಲ್ಲಿ ಕಬ್ಬು, ಒಂದು ಪಾಲಿನಲ್ಲಿ ಭತ್ತ, ಇನ್ನೊಂದು ಪಾಲಿನಲ್ಲಿ ಕಡಿಮೆ ನೀರಿನ ಬೆಳೆ, ಹೀಗೆ ಸರದಿಯ ಮೇಲೆ ಬೆಳೆಯಬೇಕೆಂಬುದು ಅದರ ನಿಯಮ. ಮಣ್ಣಿಗೆ ವಿಶ್ರಾಂತಿ ಸಿಗುತ್ತದೆ, ನೀರು ಹೆಚ್ಚು ದೂರ ಬರುತ್ತದೆ ಎಂಬುದು ಅಧಿಕಾರಿಗಳ ತರ್ಕ. ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ಒಬ್ಬ ಸಣ್ಣ ರೈತನ ತುಂಡು ಭೂಮಿ ಪೂರ್ತಿ ಒಂದೇ ಬ್ಲಾಕಿನಲ್ಲಿ ಬಿದ್ದರೆ ಆ ವರ್ಷ ಅವನ ಮನೆಗೆ ಅನ್ನ ಎಲ್ಲಿಂದ? ಮೊದಲ ಬೆಳೆಯ ಹಣ ಕೈಗೆ ಬರುವ ಮೊದಲೇ ವಂತಿಗೆ ಎಲ್ಲಿಂದ?

1931–32ರಲ್ಲಿ ಮಂಡ್ಯ ಸೀಮೆಯ ರೈತರು ಒಟ್ಟಾಗಿ ಪ್ರತಿಭಟಿಸಿದರು. ಎಚ್.ಕೆ. ವೀರಣ್ಣಗೌಡರಂಥವರು ಮುಂದೆ ನಿಂತರು. ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಇದು ಇರ್ವಿನ್ ನಾಲೆ ಚಳವಳಿ ಎಂದೇ ಹೆಸರಾಗಿದೆ. ಈ ರೈತರು ನಾಲೆ ಬೇಡ ಎನ್ನಲಿಲ್ಲ. ನಾಲೆಯ ಲೆಕ್ಕದಲ್ಲಿ ನಮ್ಮ ಮಾತೂ ಇರಲಿ ಎಂದರು. ಕೆಲವೇ ವರ್ಷಗಳ ನಂತರ, 1938ರ ಏಪ್ರಿಲಿನಲ್ಲಿ, ಮದ್ದೂರಿನ ಪಕ್ಕದ ಶಿವಪುರದಲ್ಲಿ ಶಿಂಷಾ ತೀರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ನಿಷೇಧವನ್ನು ಮೀರಿ ರಾಷ್ಟ್ರಧ್ವಜ ಹಾರಿತು. ಆ ಸತ್ಯಾಗ್ರಹಕ್ಕೆ ಸಾವಿರಾರು ಜನ ಸೇರಿದರು. ನೀರಿನ ವಿಷಯದಲ್ಲಿ ಸರ್ಕಾರದ ಎದುರು ನಿಂತು ಮಾತನಾಡಲು ಈ ಸೀಮೆಯ ರೈತರು ಅದಕ್ಕಿಂತ ಮೊದಲೇ ಕಲಿತಿದ್ದರು ಎಂಬುದನ್ನು ನೆನಪಿಡಬೇಕು. ಶಿವಪುರದ ಸತ್ಯಾಗ್ರಹ ಸೌಧಕ್ಕೆ ಮದ್ದೂರು ಪಟ್ಟಣದಿಂದ ನಡೆದೇ ಹೋಗಬಹುದು.

ಜೌಗು ಮತ್ತು ಜ್ವರ

ನೀರಿನ ಜೊತೆಗೆ ಇನ್ನೂ ಒಂದು ಬಂತು. ನಾಲೆಯಿಂದ ಸೋರಿದ ನೀರು, ಗದ್ದೆಯಿಂದ ಬಸಿದ ನೀರು ತಗ್ಗಿನಲ್ಲಿ ನಿಂತು ಜೌಗಾಯಿತು. ಐರ್ಲೆಂಡಿನ ಜೌಗನ್ನು ಪ್ರಕೃತಿ ಸಾವಿರಾರು ವರ್ಷಗಳಲ್ಲಿ ಮಾಡಿತು. ಇಲ್ಲಿನ ಜೌಗನ್ನು ಕೆಲವೇ ವರ್ಷಗಳಲ್ಲಿ ನಾವೇ ಮಾಡಿದೆವು. ನಿಂತ ನೀರಿನಲ್ಲಿ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ. ಹೊಸ ನೀರಾವರಿಯ ಹಳ್ಳಿಗಳಲ್ಲಿ ಚಳಿಜ್ವರ ಮನೆಮನೆಯ ಮಾತಾಯಿತು. ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಸಿಂಪಡಿಸುವ ಕಾರ್ಯಕ್ರಮ ಬಂದ ಮೇಲೆ ಜ್ವರ ಹತೋಟಿಗೆ ಬಂತು. ಜೌಗು ಮಾತ್ರ ಕೆಲವು ತಗ್ಗುಗಳಲ್ಲಿ ಇಂದಿಗೂ ಇದೆ. ಏರಿಯ ಕೆಳಗೆ ಜೊಂಡು ಬೆಳೆದು, ನೆಲ ಕಪ್ಪಗಾಗಿ, ಒಣಗಿದಾಗ ಮೇಲೆ ಬಿಳಿಯ ಪುಡಿ ಕಂಡರೆ ಅದು ಸವಳು. ನೀರಿನಲ್ಲಿ ಕರಗಿದ ಲವಣ ನೀರು ಆವಿಯಾದಾಗ ಮೇಲೆ ಉಳಿದದ್ದು. ನೀರು ತರುವಷ್ಟೇ ಮುಖ್ಯ ನೀರನ್ನು ಬಸಿದು ಕಳಿಸುವುದು ಎಂಬ ಪಾಠ ಅಲ್ಲಿ ನೆಲದ ಮೇಲೆಯೇ ಬರೆದಿರುತ್ತದೆ.

ಎರಡು ಊರುಗಳು

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ ಇಂಗ್ಲೆಂಡಿನಿಂದ ಮಂಡ್ಯಕ್ಕೆ ಬಂದರು. ಎರಡು ಹಳ್ಳಿಗಳಲ್ಲಿ ಎರಡು ವರ್ಷಗಳ ಕಾಲ ಇದ್ದು ಅಧ್ಯಯನ ಮಾಡಿದರು. ಹಳ್ಳಿಗಳ ನಿಜ ಹೆಸರನ್ನು ಮರೆಸಿ ವಾಂಗಲ, ದಲೇನ ಎಂದು ಕರೆದರು. ವಾಂಗಲಕ್ಕೆ ನಾಲೆಯ ನೀರು ಬಂದಿತ್ತು. ದಲೇನದ ಹೊಲಗಳು ಎತ್ತರದಲ್ಲಿದ್ದುದರಿಂದ ಅದಕ್ಕೆ ನೀರು ಬರಲಿಲ್ಲ, ಸುತ್ತಲ ಊರುಗಳಿಗೆಲ್ಲ ಬಂತು.

ಯಾವ ಊರು ಹೆಚ್ಚು ಬದಲಾಗಿರಬೇಕು? ನೀರು ಬಂದ ಊರು ಎಂದೇ ನಾವೆಲ್ಲ ಹೇಳುತ್ತೇವೆ. 1962ರಲ್ಲಿ ಪ್ರಕಟವಾದ ಅವರ ಗ್ರಂಥ ಬೇರೆಯೇ ಉತ್ತರ ಕೊಟ್ಟಿತು. ವಾಂಗಲದ ಜನ ಶ್ರೀಮಂತರಾದರು, ಆದರೆ ಬೇಸಾಯಗಾರರಾಗಿಯೇ ಉಳಿದರು. ಒಡೆಯ ಮತ್ತು ಆಳು, ಜಾತಿ ಮತ್ತು ಕಸುಬು, ಊರಿನ ಹಳೆಯ ಕಟ್ಟುಕಟ್ಟಳೆ ಬಹುಮಟ್ಟಿಗೆ ಹಾಗೇ ನಡೆದವು. ದಲೇನದವರು ನೀರಿಲ್ಲದೆ ಹೊರಗೆ ನೋಡಿದರು. ಗಾಡಿ ಹೂಡಿ ಕಬ್ಬು ಸಾಗಿಸಿದರು, ಹಿಟ್ಟಿನ ಗಿರಣಿ ಹಾಕಿದರು, ಮಂಡ್ಯದಲ್ಲಿ ಕೆಲಸ ಹಿಡಿದರು, ಬೇರೆ ಊರಿನಲ್ಲಿ ಗದ್ದೆ ಕೊಂಡರು. ಅವರ ಊರಿನ ಹಳೆಯ ಕಟ್ಟುಗಳು ಬೇಗ ಸಡಿಲವಾದವು. ಎಪ್‌ಸ್ಟೀನ್ 1970ರಲ್ಲಿ ಮತ್ತೆ ಬಂದು ಅದೇ ಊರುಗಳನ್ನು ನೋಡಿದರು. ಅವರ ಬರಹಗಳನ್ನು ಅರ್ಥಶಾಸ್ತ್ರ, ಮಾನವಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಆ ಪುಸ್ತಕ ಓದಿದಾಗ ನನಗೆ ನನ್ನ ಸೋದರಮಾವನ ನೆನಪಾಯಿತು. ಮೇಲಣ ಹೊಲದಲ್ಲಿ ಹೊಟ್ಟೆ ತುಂಬದೆ ಅವರು ಎತ್ತಿನ ಗಾಡಿ ಕಟ್ಟಿ ಬೇರೆಯವರ ಕಬ್ಬು ಹೊಡೆದರು. ಆ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದರು. ಹಾಗೆಂದು ನೀರಿಲ್ಲದ್ದೇ ಒಳ್ಳೆಯದಾಯಿತು ಎಂದು ಅವರ ಮುಂದೆ ನಾನು ಎಂದೂ ಹೇಳಲಾರೆ. ಗಾಡಿಯ ನೊಗಕ್ಕೆ ಭುಜ ಕೊಟ್ಟು ಕೆಸರಿನಿಂದ ಎತ್ತಿದವರು ಅವರು, ಪುಸ್ತಕ ಓದಿದವನು ನಾನು.

ಮದ್ದೂರಿನಿಂದ ಮಳವಳ್ಳಿಗೆ

ಮದ್ದೂರು ತಾಲ್ಲೂಕಿನಲ್ಲಿ ನಡೆಯುವವರು ಕೊಕ್ಕರೆ ಬೆಳ್ಳೂರನ್ನು ಬಿಡಬಾರದು. ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿಗಳಿಗೆ ಮೀನು ಸಿಗುವುದು ಸುತ್ತಲ ಕೆರೆಗಳಲ್ಲಿ, ಶಿಂಷೆಯಲ್ಲಿ. ಕೆರೆ ಬತ್ತಿದ ವರ್ಷ ಗೂಡು ಕಡಿಮೆ. ನೀರಿನ ಲೆಕ್ಕದಲ್ಲಿ ಮನುಷ್ಯರಲ್ಲದ ಪಾಲುದಾರರೂ ಇದ್ದಾರೆ ಎಂಬುದಕ್ಕೆ ಇದು ಸಾಕ್ಷಿ.

ಮಳವಳ್ಳಿಯ ಕಡೆಗೆ ಹೋದಂತೆ ನಾಲೆ ಕಿರಿದಾಗುತ್ತದೆ, ನೀರೂ ತೆಳ್ಳಗಾಗುತ್ತದೆ. ಇದು ನಾಲೆಯ ಕೊನೆಯ ಭಾಗ. ಮದ್ದೂರು, ಮಳವಳ್ಳಿಯ ಕೊನೆಯ ಭಾಗದ ರೈತರ ದೂರು ಹಳೆಯದು: ಮೇಲಿನವರು ತೂಬು ಎತ್ತಿಕೊಂಡರೆ ನಮಗೆ ಬರುವುದು ತೇವ ಮಾತ್ರ. ನೀರು ಕಡಿಮೆಯಿದ್ದಾಗ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಹರಿಸುತ್ತಾರೆ. ನಾಲೆ ತುಂಬಿ ಕೊನೆಗೆ ತಲುಪುವ ಹೊತ್ತಿಗೆ ಬಿಡುವ ದಿನಗಳೇ ಮುಗಿದಿರುವುದುಂಟು. ಅಲ್ಲಿ ರಾತ್ರಿ ಟಾರ್ಚು ಹಿಡಿದು ತೂಬಿನ ಬಳಿ ಕಾದು ಕುಳಿತ ಒಬ್ಬ ರೈತರನ್ನು ನಾವು ಮಾತನಾಡಿಸಿದೆವು. "ನೀರ್ ಬಂದಾಗ ನಾವ್ ಮಲ್ಗಿದ್ರೆ ಅದೂ ಮಲ್ಕೊಂಡ್ಬಿಡ್ತದೆ ಸಾಮಿ" ಎಂದು ನಕ್ಕರು.

ಇಲ್ಲಿ ನಿಂತು ಯೋಚಿಸಿ. ಕಾವೇರಿಯ ವಿವಾದದಲ್ಲಿ 2007ರಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಿದ್ದಿ ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಎಂದು ನಿಗದಿ ಮಾಡಿತು. 2023ರಲ್ಲಿ ಮಳೆ ಕೈಕೊಟ್ಟಾಗ ಮಂಡ್ಯದ ರೈತರು ಮತ್ತೆ ಬೀದಿಗೆ ಇಳಿದರು. ಆ ಜಗಳದಲ್ಲಿ ಮಂಡ್ಯದ ರೈತ ಮೇಲಿನವನು, ತಂಜಾವೂರಿನ ರೈತ ಕೆಳಗಿನವನು. ಆದರೆ ಅದೇ ಮಂಡ್ಯ ಜಿಲ್ಲೆಯೊಳಗೆ ಮಳವಳ್ಳಿಯ ರೈತ ಕೆಳಗಿನವನು. ನನ್ನ ಅಜ್ಜಿಯ ಹೊಲ ಮೇಲಿದ್ದದ್ದೇ ಅವರಿಗೆ ಕಷ್ಟವಾಯಿತು. ಮೇಲೆ, ಕೆಳಗೆ ಎಂಬ ಎರಡು ಶಬ್ದಗಳಿಗೆ ನೀರಿನ ವಿಷಯದಲ್ಲಿ ಎಷ್ಟು ಅರ್ಥಗಳಿವೆ ನೋಡಿ! ನಾವು ಯಾರ ಮೇಲಿದ್ದೇವೆ, ಯಾರ ಕೆಳಗಿದ್ದೇವೆ ಎಂಬುದನ್ನು ಎರಡೂ ಕಡೆಗೆ ತಿರುಗಿ ನೋಡಿದವನೇ ನ್ಯಾಯವಾಗಿ ಮಾತನಾಡಬಲ್ಲ.

ನಡೆಯುವವರಿಗೆ ಎರಡು ಮಾತು

ಏರಿಯ ಮೇಲೆ ನಡೆಯಿರಿ ಎಂದು ಹೇಳುವಾಗ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನೀರುಗಂಟಿ ನಡೆಯಲೆಂದು ಮಾಡಿದ ಏರಿಗಳ ಮೇಲೆ, ನಾಲೆಯ ಅಂಚಿನ ದಾರಿಗಳಲ್ಲಿ ಇಂದು ವಾಹನಗಳು ಓಡುತ್ತಿವೆ. ಎಲ್ಲ ಕಡೆ ತಡೆಗೋಡೆ ಇಲ್ಲ. ನಿಮ್ಮ ಊರಿನ ನಾಲೆಯ ತಿರುವಿನಲ್ಲಿ ತಡೆಗೋಡೆ ಇದೆಯೇ ಎಂದು ನೋಡಿ ಬನ್ನಿ. ಇಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಗೆ, ನೀರಾವರಿ ಕಚೇರಿಗೆ ಪತ್ರ ಬರೆಯಿರಿ. ಅದೂ ಇತಿಹಾಸದ ಅಧ್ಯಯನವೇ.

ಹಿರಿಯರೊಬ್ಬರ ಜೊತೆಯಲ್ಲಿ, ಹಗಲಿನಲ್ಲಿ, ನೀರಿನಿಂದ ದೂರವಿರುವ ಅಂಚಿನಲ್ಲಿ ನಡೆಯಿರಿ. ನಾಲೆಗೆ ಇಳಿಯಬೇಡಿ. ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ, ಗಾರೆ ಬಳಿದ ಪಕ್ಕಗಳು ಪಾಚಿ ಕಟ್ಟಿ ಜಾರುತ್ತವೆ. ಈಜು ಬಲ್ಲವರಿಗೂ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ.

ನಡೆಯುವಾಗ ಜೊತೆಗೊಂದು ನೋಟ್ ಪುಸ್ತಕವಿರಲಿ. ಪ್ರತಿ ಸೇತುವೆಯ ಬಳಿ ನಿಂತು ನಾಲೆಯ ಎರಡು ಪಕ್ಕದ ಬೆಳೆಯನ್ನೂ ಬರೆದುಕೊಳ್ಳಿ. ನೀರುಗಂಟಿ ಸಿಕ್ಕರೆ ಸರದಿಯ ಬಗ್ಗೆ ಕೇಳಿ. ಮನೆಗೆ ಬಂದು ಅಜ್ಜ ಅಜ್ಜಿಯರನ್ನು ಕೇಳಿ: ನಾಲೆ ಬರುವ ಮೊದಲು ನಮ್ಮ ಹೊಲದಲ್ಲಿ ಏನು ಬೆಳೆಯುತ್ತಿತ್ತು? ನಮ್ಮದು ಗೆರೆಯ ಮೇಲೋ, ಕೆಳಗೋ? ನನ್ನ ಅಜ್ಜಿ ಈಗ ಇಲ್ಲ. ಅವರು ಕೇಳಿದ ಪ್ರಶ್ನೆಯನ್ನು ನಿಮಗೆ ಒಪ್ಪಿಸಿದ್ದೇನೆ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ ಈ ಭಾನುವಾರವೇ ಹೋಗಿ ಕೇಳಿ.